ಮಳೆಗಾಗಿ ಕಾದ ಮೀನು

ಮಲೆನಾಡಿನಲ್ಲಿ ಮುಂಗಾರು ಹಿಡಿದು ಹಳ್ಳಕೊಳ್ಳಗಳು ತುಂಬಿ ಹರಿಯತೊಡಗಿದಾಗ ಹೊಳೆಯ ಮೀನುಗಳು ಹೊಸ ನೀರಿಗೆ ಎದುರಾಗಿ ಈಜುತ್ತ ಗದ್ದೆಯ ಬಯಲಿನವರೆಗೂ ಏರಿ ಬರುತ್ತವೆ. ಊರ ಜನ ಇವನ್ನು ಹತ್ತುಮೀನು ಎಂದು ಕರೆಯುತ್ತಾರೆ. ಇರುಳಿನಲ್ಲಿ ಕಂಬಳಿಕೊಪ್ಪೆ ಹೊದ್ದು, ದೀಪ ಹಿಡಿದು, ಇವುಗಳ ಬೇಟೆಗೆ ಹೊರಡುವುದೆಂದರೆ ಅಲ್ಲಿನವರಿಗೆ ಒಂದು ಹಬ್ಬ. ಆದರೆ ಮೀನು ಅಷ್ಟು ದೂರ ಬಂದದ್ದು ಮೊಟ್ಟೆಯಿಡಲೆಂದು. ನೀರು ಏರಿತು, ತಂಪಾಯಿತು, ಹರಿವು ಬಿರುಸಾಯಿತು ಎಂಬ ಸುದ್ದಿ ಮೈಗೆ ತಿಳಿದೊಡನೆ ಅದರ ಒಡಲಿನ ಮೊಟ್ಟೆಗಳು ಕೊನೆಯ ಬಲಿತವನ್ನು ಪಡೆದು ಹೊರಬೀಳಲು ಸಿದ್ಧವಾಗುತ್ತವೆ. ಮಳೆಯೇ ಅದರ ಪಂಚಾಂಗ.

ಉತ್ತರ ಭಾರತದ ಮಹಾನದಿಗಳಲ್ಲಿ ವಾಸಿಸುವ ಕಾಟ್ಲಾ, ರೋಹು, ಮೃಗಾಲ್ ಎಂಬ ಗೆಂಡೆ ಜಾತಿಯ ಮೀನುಗಳ ಸ್ವಭಾವವೂ ಇದೇ. ಇವು ಬೇಗ ಬೆಳೆಯುತ್ತವೆ. ಒಂದೇ ಕೊಳದಲ್ಲಿ ಕಾಟ್ಲಾ ಮೇಲುನೀರಿನಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಆಹಾರವನ್ನು ಅರಸುವುದರಿಂದ ಒಂದರ ತುತ್ತನ್ನು ಇನ್ನೊಂದು ಕಸಿಯುವುದಿಲ್ಲ. ಹೀಗಾಗಿ ಕೊಳದ ಸಾಕಣೆಗೆ ಇವುಗಳಿಗಿಂತ ಯೋಗ್ಯವಾದ ಮೀನುಗಳು ವಿರಳ. ಆದರೆ ಇವುಗಳಲ್ಲಿ ಒಂದು ವಿಚಿತ್ರವಿತ್ತು. ಕೊಳದಲ್ಲಿ ಇವು ಉಂಡು ಬೆಳೆದು ಕೊಬ್ಬುತ್ತಿದ್ದವು. ಹೆಣ್ಣುಮೀನಿನ ಒಡಲು ಮೊಟ್ಟೆಗಳಿಂದ ಉಬ್ಬುತ್ತಿತ್ತು. ಆದರೆ ಎಷ್ಟು ವರ್ಷ ಕಳೆದರೂ ಅದು ಕೊಳದ ನಿಂತ ನೀರಿನಲ್ಲಿ ಮೊಟ್ಟೆಯಿಡುತ್ತಿರಲಿಲ್ಲ. ಋತು ಕಳೆದ ಮೇಲೆ ಆ ಮೊಟ್ಟೆಗಳು ಒಡಲಿನಲ್ಲಿಯೇ ಕರಗಿಹೋಗುತ್ತಿದ್ದವು. ಬಂಗಾಳದ ಬಾಂಕುರಾ ಮತ್ತು ಮೇದಿನೀಪುರ ಜಿಲ್ಲೆಗಳಲ್ಲಿ ಮಾತ್ರ ಇಳಿಜಾರು ನೆಲಕ್ಕೆ ಅಡ್ಡಲಾಗಿ ಒಡ್ಡು ಕಟ್ಟಿ, ಮಳೆಯ ಕೆಂಪು ನೀರು ಒಮ್ಮೆಲೇ ನುಗ್ಗಿ ಬರುವಂತೆ ಮಾಡಿ, ಮೀನಿಗೆ ನದಿಯ ಭ್ರಮೆ ಹುಟ್ಟಿಸಿ ಮೊಟ್ಟೆಯಿಡಿಸುವ ಹಳೆಯ ಜಾಣ್ಮೆಯೊಂದು ಬಳಕೆಯಲ್ಲಿತ್ತು. ಅದಕ್ಕೂ ಜೋರು ಮಳೆ ಬೇಕು. ತಕ್ಕ ನೆಲವೂ ಬೇಕು.

ಹಾಗಾದರೆ ದೇಶದ ಸಾವಿರಾರು ಕೆರೆಕೊಳಗಳಿಗೆ ಮೀನುಮರಿ ಎಲ್ಲಿಂದ ಬರುತ್ತಿತ್ತು? ನದಿಯಿಂದಲೇ. ಪ್ರವಾಹದ ದಿನಗಳಲ್ಲಿ ಗಂಗೆಯ ದಂಡೆಯ ಬೆಸ್ತರು ಬಟ್ಟೆಯಂತೆ ನವುರಾದ, ಆಲಿಕೆಯ ಆಕಾರದ ಬಲೆಗಳನ್ನು ಹರಿವಿಗೆ ಎದುರಾಗಿ ಕಟ್ಟಿ, ತೇಲಿಬರುವ ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳನ್ನು ಸೋಸಿ ತೆಗೆಯುತ್ತಿದ್ದರು. ಮಣ್ಣಿನ ಮಡಕೆಗಳಲ್ಲಿ ತುಂಬಿಸಿಟ್ಟ ಆ ಮರಿಗಳು ರೈಲುಗಾಡಿಯಲ್ಲಿ ಊರಿಂದೂರಿಗೆ ಸಾಗುತ್ತಿದ್ದವು. ದಾರಿಯುದ್ದಕ್ಕೂ ಮಡಕೆಯ ನೀರನ್ನು ಕೈಯಿಂದ ಕಲಕುತ್ತ, ಬದಲಾಯಿಸುತ್ತ ಕೂರಬೇಕು. ಸೆಕೆ ಹೆಚ್ಚಾದರೆ, ಗಾಡಿ ತಡವಾದರೆ ಮಡಕೆಗೆ ಮಡಕೆಯೇ ಸತ್ತಿರುತ್ತಿತ್ತು. ಬದುಕಿ ಉಳಿದ ಮರಿಗಳಲ್ಲಿಯೂ ಯಾವುದು ರೋಹು, ಯಾವುದು ಕೊಳದ ಮೀನನ್ನೇ ನುಂಗುವ ಹಿಂಸ್ರ ಜಾತಿ ಎಂದು ಆ ವಯಸ್ಸಿನಲ್ಲಿ ಹೇಳುವುದು ಕಷ್ಟ. ರೈತನು ಹಣ ಕೊಟ್ಟು ತಂದು ಕೊಳಕ್ಕೆ ಬಿಟ್ಟ ಮೇಲೆ, ತಾನು ಬಿತ್ತಿದ್ದು ಬೆಳೆಯೋ ಕಳೆಯೋ ಎಂಬುದು ತಿಂಗಳುಗಳು ಕಳೆದ ಮೇಲಷ್ಟೆ ತಿಳಿಯುತ್ತಿತ್ತು. ಮಳೆ ಕೈಕೊಟ್ಟ ವರ್ಷ ನದಿಯಲ್ಲಿ ಮರಿಯೇ ಇಲ್ಲ. 1960ರ ದಶಕದ ನಡುವಿನವರೆಗೂ ನಮ್ಮ ದೇಶದ ಮೀನುಬಿತ್ತನೆಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚಿನ ಪಾಲು ಹೀಗೆ ನದಿಯ ಕೃಪೆಯಿಂದಲೇ ದೊರೆಯುತ್ತಿತ್ತು.

ಈ ಕಟ್ಟನ್ನು ಬಿಡಿಸಿದವರು ಹೀರಾಲಾಲ್ ಚೌಧುರಿ ಎಂಬ ಸರಕಾರಿ ವಿಜ್ಞಾನಿ.

ಚೌಧುರಿಯವರು 1921ರಲ್ಲಿ ಸಿಲ್ಹೆಟ್ ಪ್ರದೇಶದಲ್ಲಿ ಜನಿಸಿದರು. ಸಿಲ್ಹೆಟ್ ಆಗ ಬ್ರಿಟಿಷ್ ಇಂಡಿಯಾದ ಅಸ್ಸಾಂ ಪ್ರಾಂತಕ್ಕೆ ಸೇರಿತ್ತು. ಇಂದು ಅದು ಬಾಂಗ್ಲಾದೇಶದಲ್ಲಿದೆ. ಅದು ನೀರಿನ ನಾಡು. ಮಳೆಗಾಲದಲ್ಲಿ ಅಲ್ಲಿನ ತಗ್ಗು ಬಯಲುಗಳು ಕಡಲಿನಂತೆ ತುಂಬಿ, ಹಳ್ಳಿಗಳು ಅದರ ನಡುವೆ ನಡುಗಡ್ಡೆಗಳಾಗಿ ನಿಲ್ಲುತ್ತವೆ. ಮೀನು ಯಾವಾಗ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಅಲ್ಲಿನ ಮಕ್ಕಳು ಪುಸ್ತಕದಿಂದ ಕಲಿಯಬೇಕಾಗಿಲ್ಲ. ಕಲ್ಕತ್ತೆಯಲ್ಲಿ ಪ್ರಾಣಿಶಾಸ್ತ್ರವನ್ನು ವ್ಯಾಸಂಗ ಮಾಡಿದ ಅವರು ಮುಂದೆ ಒಳನಾಡಿನ ಮೀನುಗಾರಿಕೆಯ ಕೇಂದ್ರ ಸಂಶೋಧನಾಲಯವನ್ನು ಸೇರಿದರು. 1947ರ ಮಾರ್ಚ್ ತಿಂಗಳಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ತಿಂಗಳು ಮೊದಲು ಕಲ್ಕತ್ತೆಯಲ್ಲಿ ಸ್ಥಾಪನೆಯಾದ ಸಂಸ್ಥೆ ಇದು. ಬಳಿಕ ಅದರ ಕೇಂದ್ರ ಬ್ಯಾರಕ್‌ಪುರಕ್ಕೆ ಬಂದಿತು; ಕೊಳದ ಮೀನುಸಾಕಣೆಯ ವಿಭಾಗ ಒರಿಸ್ಸಾದ ಕಟಕ್‌ನಲ್ಲಿ ನೆಲೆಗೊಂಡಿತು. ಕಡೂರು ಜಿಲ್ಲೆಯ ಹೊಳೆಗಳ ಮೀನುಗಳನ್ನು ಕುರಿತು 1941ರಲ್ಲಿಯೇ ಬರೆದ ಮೈಸೂರಿನ ಪ್ರಾಣಿಶಾಸ್ತ್ರಜ್ಞ ಬಿ. ಎಸ್. ಭೀಮಾಚಾರ್ ಅವರೂ ಕೆಲಕಾಲ ಈ ಸಂಸ್ಥೆಯ ನಿರ್ದೇಶಕರಾಗಿದ್ದರು ಎಂಬುದನ್ನು ಕನ್ನಡಿಗರು ನೆನೆಯಬಹುದು. ಸೇವೆಯ ನಡುವೆ ಚೌಧುರಿಯವರು ಅಮೆರಿಕದ ಅಲಬಾಮಾ ಸಂಸ್ಥಾನದ ಆಬರ್ನ್‌ನಲ್ಲಿ ಮೀನುಸಾಕಣೆಯ ಉನ್ನತ ಶಿಕ್ಷಣವನ್ನು ಪಡೆದು ಹಿಂದಿರುಗಿದರು.

ಕೊಳದ ಮೀನು ಏಕೆ ಮೊಟ್ಟೆಯಿಡುವುದಿಲ್ಲ ಎಂಬ ಪ್ರಶ್ನೆಗೆ ಉತ್ತರದ ಎಳೆ ಅಷ್ಟರಲ್ಲಿ ಬೇರೆ ದೇಶಗಳಲ್ಲಿ ಸಿಕ್ಕಿತ್ತು. ಮಿದುಳಿನ ಕೆಳಗೆ ತಲೆಬುರುಡೆಯ ಒಂದು ಸಣ್ಣ ಗುಳಿಯಲ್ಲಿ ಪಿಟ್ಯುಟರಿ ಎಂಬ ಗ್ರಂಥಿ ಹುದುಗಿರುತ್ತದೆ. ಗಾತ್ರ ಸಾಸಿವೆಕಾಳಿನಷ್ಟು, ಅಧಿಕಾರ ಮಾತ್ರ ದೊಡ್ಡದು. ದೇಹದ ಇತರ ಗ್ರಂಥಿಗಳಿಗೆಲ್ಲ ಆಜ್ಞೆ ಹೋಗುವುದು ಇಲ್ಲಿಂದ. ಮಳೆಯ ಸುದ್ದಿಯನ್ನು ಕಣ್ಣು, ಚರ್ಮ, ಮಿದುಳುಗಳು ಈ ಗ್ರಂಥಿಗೆ ಮುಟ್ಟಿಸುತ್ತವೆ. ಗ್ರಂಥಿ ತನ್ನ ರಸವನ್ನು ರಕ್ತಕ್ಕೆ ಬಿಡುತ್ತದೆ. ಆಗ ಅಂಡಾಶಯದ ಮೊಟ್ಟೆಗಳು ಬಿಡುಗಡೆಯಾಗುತ್ತವೆ. ಕೊಳದಲ್ಲಿ ಸುದ್ದಿಯೇ ಬರುವುದಿಲ್ಲವಾದ್ದರಿಂದ ಆಜ್ಞೆಯೂ ಹೊರಡುವುದಿಲ್ಲ. 1930ರ ಸುಮಾರಿಗೆ ಅರ್ಜೆಂಟೀನಾದ ಬರ್ನಾರ್ಡೋ ಹೌಸ್ಸೇ ಎಂಬ ವಿಜ್ಞಾನಿ ಮೀನಿನ ಪಿಟ್ಯುಟರಿ ರಸವನ್ನು ಮೀನಿಗೆ ಕೊಟ್ಟು ಪರೀಕ್ಷಿಸಿದ್ದರು. ಇದೇ ಗ್ರಂಥಿಯ ಬೇರೊಂದು ಕಾರ್ಯವನ್ನು ಕಂಡುಹಿಡಿದುದಕ್ಕಾಗಿ ಅವರಿಗೆ 1947ರಲ್ಲಿ ನೊಬೆಲ್ ಬಹುಮಾನ ಬಂದಿತು. ಬ್ರೆಜಿಲ್ ದೇಶದಲ್ಲಿ ಫಾನ್ ಈರಿಂಗ್ ಎಂಬವರು ಈ ವಿಧಾನವನ್ನು ಅಲ್ಲಿನ ಮೀನುಗಳ ಮೇಲೆ ಯಶಸ್ವಿಯಾಗಿ ಬಳಸಿದರು. ನಮ್ಮಲ್ಲಿಯೂ ಪಂಜಾಬಿನ ಹಮೀದ್ ಖಾನ್ 1938ರಲ್ಲಿ ಮೃಗಾಲ್ ಮೀನಿಗೆ ಸಸ್ತನಿಗಳ ಗ್ರಂಥಿಯ ರಸವನ್ನು ಚುಚ್ಚಿ ನೋಡಿದ್ದರು. 1956ರಲ್ಲಿ ಎಲ್. ಎಸ್. ರಾಮಸ್ವಾಮಿ ಮತ್ತು ಬಿ. ಐ. ಸುಂದರರಾಜ್ ಎಂಬ ವಿದ್ವಾಂಸರು ಮೀಸೆಯುಳ್ಳ ಚೇಳುಮೀನಿನ ಜಾತಿಯಲ್ಲಿ ಜಯ ಕಂಡರು. ಆದರೆ ಕೆರೆಗಳಿಗೆ ಬೇಕಾಗಿದ್ದ ದೊಡ್ಡ ಗೆಂಡೆಗಳು ಮಾತ್ರ ಇನ್ನೂ ಒಲಿದಿರಲಿಲ್ಲ.

ಗುಟ್ಟು ಅಡಗಿದ್ದುದು ಸಣ್ಣ ಸಣ್ಣ ಸಂಗತಿಗಳಲ್ಲಿ. ಗ್ರಂಥಿಯನ್ನು ಯಾವ ಮೀನಿನಿಂದ ತೆಗೆಯಬೇಕು? ಯಾವ ತಿಂಗಳಲ್ಲಿ? ಎಷ್ಟು ತೂಕದ ಮೀನಿಗೆ ಎಷ್ಟು? ಒಮ್ಮೆಯೋ ಎರಡು ಸಲವೋ? ಚೌಧುರಿಯವರು ಮೊದಲು ಕಾಟ್ಲಾದ ಗ್ರಂಥಿಯ ರಸವನ್ನು ಬೆರಳುದ್ದದ ಒಂದು ಪುಟ್ಟ ಮೀನಿಗೆ ಕೊಟ್ಟು 1955ರಲ್ಲಿ ಮೊಟ್ಟೆಯಿಡಿಸಿದರು. ದೂರದ ಪ್ರಾಣಿಗಳ ಗ್ರಂಥಿಗಿಂತ ಹತ್ತಿರದ ಬಂಧುವಾದ ಮೀನಿನ ಗ್ರಂಥಿಯೇ ಫಲಕಾರಿಯೆಂದೂ, ಅದನ್ನು ಮೊಟ್ಟೆಯಿಡುವ ಋತುವಿಗೆ ಮುನ್ನ, ಪೂರ್ಣವಾಗಿ ಬಲಿತ ಮೀನಿನಿಂದಲೇ ತೆಗೆಯಬೇಕೆಂದೂ ಪ್ರಯೋಗಗಳಿಂದ ಖಚಿತವಾಗುತ್ತ ಹೋಯಿತು.

ಈ ಕಾರ್ಯಕ್ರಮವನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು, ಏಕೆಂದರೆ ಇದರಲ್ಲಿ ದೊಡ್ಡ ಯಂತ್ರಗಳಾವುವೂ ಇಲ್ಲ. ಬಲಿತ ಮೀನಿನ ತಲೆಯ ಮೇಲ್ಭಾಗವನ್ನು ಕತ್ತರಿಸಿ, ಮಿದುಳನ್ನು ಮೆಲ್ಲನೆ ಎತ್ತಿ, ಅದರ ಅಡಿಯ ಗ್ರಂಥಿಯನ್ನು ಚಿಮುಟದಿಂದ ಹರಿಯದಂತೆ ಹೊರತೆಗೆಯಬೇಕು. ಅಪ್ಪಟ ಮದ್ಯಸಾರದಲ್ಲಿ ಹಾಕಿಟ್ಟರೆ ಅದು ಕೆಡದೆ ಉಳಿಯುತ್ತದೆ. ಬೇಕಾದಾಗ ತೂಗಿ, ಬಟ್ಟಿಯಿಳಿಸಿದ ನೀರಿನಲ್ಲಿ ಅರೆದು, ತಿಳಿಯನ್ನು ಬಸಿದುಕೊಳ್ಳಬೇಕು. ಹೆಣ್ಣುಮೀನಿಗೆ ಮೊದಲ ಸಲ, ತೂಕದ ಕಿಲೋಗ್ರಾಮಿಗೆ 2ರಿಂದ 3 ಮಿಲಿಗ್ರಾಂ ಗ್ರಂಥಿಯ ಲೆಕ್ಕದಲ್ಲಿ, ಬಾಲದ ಬುಡದ ಸ್ನಾಯುವಿಗೆ ಸೂಜಿ ಚುಚ್ಚುತ್ತಾರೆ. ಆರು ಗಂಟೆಗಳ ಬಳಿಕ 5ರಿಂದ 8 ಮಿಲಿಗ್ರಾಂ ಲೆಕ್ಕದಲ್ಲಿ ಎರಡನೆಯದು. ಗಂಡಿಗೆ ಒಂದೇ ಚುಚ್ಚುಮದ್ದು, ಹೆಣ್ಣಿನ ಎರಡನೆಯ ಸರದಿಯ ಹೊತ್ತಿಗೆ. ಒಂದು ಹೆಣ್ಣಿಗೆ ಎರಡು ಗಂಡುಗಳಂತೆ ಜೊತೆಗೂಡಿಸಿ, ಕೊಳದೊಳಗೆ ನಾಲ್ಕು ಗಳಗಳಿಗೆ ಕಟ್ಟಿದ ಸೊಳ್ಳೆಪರದೆಯಂತಹ ಬಟ್ಟೆಯ ತೊಟ್ಟಿಯಲ್ಲಿ ಬಿಡುತ್ತಾರೆ. ಇದಕ್ಕೆ ಹಾಪಾ ಎಂದು ಹೆಸರು. ಸಂಜೆ ಆರಂಭಿಸಿದ ಕೆಲಸ ಬೆಳಗಿನ ಜಾವದ ಹೊತ್ತಿಗೆ ಫಲ ಕೊಡುತ್ತದೆ. ನೀರು ಕದಡುತ್ತದೆ, ಮೀನುಗಳು ಒಂದನ್ನೊಂದು ಅಟ್ಟುತ್ತವೆ, ಮುತ್ತಿನಂತಹ ಮೊಟ್ಟೆಗಳು ಹಾಪಾದ ತುಂಬ ಹರಡುತ್ತವೆ. ರೋಹು ಮೀನಿನ ತೂಕದ ಪ್ರತಿ ಕಿಲೋಗ್ರಾಮಿಗೆ ಎರಡು ಲಕ್ಷಕ್ಕೂ ಮಿಕ್ಕು ಮೊಟ್ಟೆಗಳಿರುವುದುಂಟು. ನೀರಿನ ಶಾಖ 27 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಹದಿನಾಲ್ಕರಿಂದ ಹದಿನೆಂಟು ಗಂಟೆಗಳಲ್ಲಿ ಮರಿಗಳು ಹೊರಬರುತ್ತವೆ. ಶಾಖ ಬಹಳ ಏರಿದರೆ ಮೊಟ್ಟೆಗಳು ಬೆಳ್ಳಗಾಗಿ ಸಾಯುತ್ತವೆ. ಈ ಮಾತನ್ನು ನೆನಪಿನಲ್ಲಿಡಬೇಕು. ಇದರ ಪ್ರಸ್ತಾಪ ಮುಂದೆ ಮತ್ತೆ ಬರುತ್ತದೆ.

1957ನೆಯ ಇಸವಿ ಜುಲೈ 10ರಂದು ಒರಿಸ್ಸಾದ ಅಂಗುಲ್ ಎಂಬ ಊರಿನಲ್ಲಿ ಚೌಧುರಿಯವರು ಕೇರಳದ ಕೆ. ಎಚ್. ಅಲಿಕುಂಞಿಯವರೊಡನೆ ಕೂಡಿ ಈ ವಿಧಾನದಿಂದ ಗೆಂಡೆ ಮೀನುಗಳನ್ನು ಮೊಟ್ಟೆಯಿಡಿಸುವುದರಲ್ಲಿ ಯಶಸ್ವಿಯಾದರು. ನದಿಯಿಲ್ಲದೆ, ಪ್ರವಾಹವಿಲ್ಲದೆ, ನಿಂತ ನೀರಿನಲ್ಲಿ. ಇಬ್ಬರೂ ಕೂಡಿ ಬರೆದ ಚಿಕ್ಕ ವರದಿ ಅದೇ ವರ್ಷ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಉದ್ದ ಎರಡು ಪುಟ. ನಮ್ಮ ದೇಶದ ಕೆರೆಗಳ ಆರ್ಥಿಕತೆಯನ್ನು ಇಷ್ಟು ಬದಲಾಯಿಸಿದ ಎರಡು ಪುಟಗಳು ಬೇರೆ ಇವೆಯೋ ಇಲ್ಲವೋ, ನಾನು ಅರಿಯೆ. 2001ರಿಂದ ಜುಲೈ 10ನ್ನು ರಾಷ್ಟ್ರೀಯ ಮೀನುಕೃಷಿಕರ ದಿನವೆಂದು ಆಚರಿಸಲಾಗುತ್ತಿದೆ.

ಆದರೆ ಅಂದೇ ಎಲ್ಲವೂ ಮುಗಿಯಲಿಲ್ಲ. ಒಮ್ಮೆ ಫಲಿಸಿದ್ದು ಮತ್ತೊಮ್ಮೆ ಫಲಿಸಬೇಕು. ಪಂಡಿತನ ಕೈಯಲ್ಲಿ ಫಲಿಸಿದ್ದು ಹಳ್ಳಿಯ ಮೀನುಕೃಷಿಕನ ಕೈಯಲ್ಲಿಯೂ ಫಲಿಸಬೇಕು. ಮುಂದಿನ ಮಳೆಗಾಲಗಳು ಪ್ರಮಾಣವನ್ನು ಹೆಚ್ಚಿಸಿ ತಗ್ಗಿಸಿ ನೋಡುವುದರಲ್ಲಿ ಕಳೆದವು. 1960ರಲ್ಲಿ ಚೌಧುರಿಯವರು ಈ ಪ್ರಯೋಗಗಳ ವಿಸ್ತಾರವಾದ ವರದಿಯನ್ನು ಹೊರತಂದರು. ಸರಕಾರಿ ವಿಜ್ಞಾನಿಯ ಬಾಳಿನಲ್ಲಿ ಹೊರಗಿನವರಿಗೆ ಕಾಣದ ಭಾಗವೆಂದರೆ ಇದು. 1959ರಲ್ಲಿ ಬೆಳ್ಳಿಗೆಂಡೆ, ಹುಲ್ಲುಗೆಂಡೆ ಎಂಬ ಚೀನೀ ಮೂಲದ ಮೀನುಗಳನ್ನು ಕಟಕ್‌ಗೆ ತಂದು, 1962ರಲ್ಲಿ ಅವುಗಳಿಗೂ ಇದೇ ವಿಧಾನದಿಂದ ಮೊಟ್ಟೆಯಿಡಿಸಲಾಯಿತು. ನಮ್ಮ ಮೂರು ಮೀನುಗಳ ಜೊತೆಗೆ ಇವನ್ನೂ ಸೇರಿಸಿ ಸಾಕುವ ಮಿಶ್ರ ಮೀನುಸಾಕಣೆ 1970ರ ದಶಕದಲ್ಲಿ ದೇಶದ ಹಲವೆಡೆ ಪ್ರಚಾರಕ್ಕೆ ಬಂದಿತು. ಚೌಧುರಿಯವರು ಮುಂದೆ ವಿದೇಶಗಳಲ್ಲಿಯೂ ಸೇವೆ ಸಲ್ಲಿಸಿದರು. 1970ರ ದಶಕದ ಕೊನೆಯ ಭಾಗದಲ್ಲಿ ಫಿಲಿಪೈನ್ಸ್ ದೇಶದಲ್ಲಿದ್ದಾಗ, ನಮ್ಮ ಕರಾವಳಿಯವರು ಹೂಮೀನು ಎಂದು ಕರೆಯುವ ಮೀನಿನ ಮೊಟ್ಟೆಗಳನ್ನು ಕೃತಕವಾಗಿ ಫಲಗೂಡಿಸುವ ಪ್ರಯೋಗದಲ್ಲಿ ಅಲ್ಲಿನ ವಿಜ್ಞಾನಿಗಳ ಜೊತೆ ಕೆಲಸ ಮಾಡಿದರು. 2014ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ನಿಧನರಾದರು.

ಗಂಗೆಯ ಮೀನುಗಳು ಕರ್ನಾಟಕದ ಕೆರೆಗಳಲ್ಲಿ ಮನೆಮಾತಾದುದು ಈ ಶೋಧದ ಬಲದಿಂದಲೇ. ತುಂಗಭದ್ರಾ ಅಣೆಕಟ್ಟಿನ ಬಳಿಯಲ್ಲಿ, ಭದ್ರಾ ಜಲಾಶಯದ ಕೆಳಗಿನ ಬಿ. ಆರ್. ಪ್ರಾಜೆಕ್ಟಿನಲ್ಲಿ ಮೀನುಮರಿ ಉತ್ಪಾದನಾ ಕೇಂದ್ರಗಳು ಬೆಳೆದವು. ಮಂಗಳೂರಿನಲ್ಲಿ 1969ರಲ್ಲಿ ಆರಂಭವಾದ ಮೀನುಗಾರಿಕಾ ಕಾಲೇಜು ಈ ವಿದ್ಯೆಯನ್ನು ಬಲ್ಲ ತರುಣರನ್ನು ತಯಾರುಮಾಡಿತು. ಹಾಪಾದ ಸ್ಥಾನದಲ್ಲಿ ಕ್ರಮೇಣ ನೀರು ಸುತ್ತುತ್ತಲೇ ಇರುವ ಸಿಮೆಂಟಿನ ದುಂಡು ತೊಟ್ಟಿಗಳು ಬಂದವು. ಗ್ರಂಥಿಯ ಬದಲು ಔಷಧಿ ಕಾರ್ಖಾನೆಯಲ್ಲಿ ತಯಾರಾದ ಹಾರ್ಮೋನಿನ ಶೀಶೆ ಬಂದಿತು. ಅನುಕೂಲದ ಬೆನ್ನಿಗೇ ಅಪಾಯವೂ ಬಂದಿತು. ಒಂದು ಮೀನಿನಿಂದ ಲಕ್ಷ ಮರಿ ದೊರೆಯುವಾಗ ಹೆಚ್ಚು ತಾಯಿಮೀನುಗಳನ್ನು ಇಟ್ಟುಕೊಳ್ಳುವ ಗೋಜು ಯಾರಿಗೆ ಬೇಕು? ಕೆಲವೇ ಮೀನುಗಳ ಸಂತಾನವನ್ನೇ ಮತ್ತೆ ತಾಯಿಮೀನುಗಳಾಗಿ ಬಳಸುತ್ತ ಹೋದುದರಿಂದ ಕೇಂದ್ರಗಳಲ್ಲಿ ರಕ್ತಸಂಬಂಧಿಗಳ ನಡುವಿನ ಸಂಕರ ಹೆಚ್ಚಿತು. ಏಕನಾಥ್ ಮತ್ತು ಡಾಯ್ಲ್ ಎಂಬ ವಿಜ್ಞಾನಿಗಳು ಕರ್ನಾಟಕದ ಕೇಂದ್ರಗಳನ್ನೇ ಅಧ್ಯಯನಕ್ಕೆ ಆರಿಸಿಕೊಂಡು 1990ರಲ್ಲಿ ಈ ದೋಷವನ್ನು ಲೆಕ್ಕಸಮೇತ ತೋರಿಸಿಕೊಟ್ಟರು. ಬೇರೆ ಬೇರೆ ನದಿಗಳ ರೋಹುಗಳನ್ನು ತಂದು, ಆರಿಸಿ ಬೆಳೆಸಿ, ‘ಜಯಂತಿ’ ಎಂಬ ಉತ್ತಮ ತಳಿಯನ್ನು ಭುವನೇಶ್ವರದ ಸಿಹಿನೀರು ಮೀನುಸಾಕಣೆ ಸಂಸ್ಥೆ 1997ರಲ್ಲಿ ಬಿಡುಗಡೆ ಮಾಡಿತು.

ಚೌಧುರಿಯವರು ಅಂಗುಲ್‌ನಲ್ಲಿ ಸೂಜಿ ಹಿಡಿದಾಗ ಹವಾಮಾನದ ಬದಲಾವಣೆ ಎಂಬುದು ಮೀನುಸಾಕಣೆಯವರ ಮಾತಿನಲ್ಲಿರಲಿಲ್ಲ. ಮಳೆ ಒಮ್ಮೆ ಬೇಗ ಬಂದೀತು, ಒಮ್ಮೆ ತಡವಾದೀತು; ಆದರೆ ಪಂಚಾಂಗವೇ ಬದಲಾದೀತೆಂದು ಯಾರೂ ಎಣಿಸಿರಲಿಲ್ಲ. ಅವರ ನಂತರದ ಪೀಳಿಗೆಯ ಬ್ಯಾರಕ್‌ಪುರದ ವಿಜ್ಞಾನಿಗಳು ಪಶ್ಚಿಮ ಬಂಗಾಳದ ಮೀನುಮರಿ ಕೇಂದ್ರಗಳ ಹಲವು ವರ್ಷಗಳ ಕಾಲಮಾನವನ್ನು ಹೋಲಿಸಿ ನೋಡಿದಾಗ ಅಚ್ಚರಿಯ ಸಂಗತಿಯೊಂದು ತಿಳಿದುಬಂದಿತು. 1980ರ ದಶಕದ ಆರಂಭದವರೆಗೆ ವರ್ಷದಲ್ಲಿ 110ರಿಂದ 120 ದಿನಗಳಷ್ಟಿದ್ದ ಗೆಂಡೆಗಳ ಸಂತಾನಕಾಲ 2000ದಿಂದ 2005ರ ಹೊತ್ತಿಗೆ 160ರಿಂದ 170 ದಿನಗಳಿಗೆ ಹಿಗ್ಗಿತ್ತು. ಮುಂಗಾರಿನ ಮೀನುಗಳು ಮಾರ್ಚ್ ತಿಂಗಳಲ್ಲಿಯೇ ಬಲಿತು ನಿಲ್ಲತೊಡಗಿದ್ದವು. ಚಳಿಗಾಲ ಬೆಚ್ಚಗಾದುದು ಇದಕ್ಕೆ ಒಂದು ಮುಖ್ಯ ಕಾರಣ.

ಇದನ್ನು ಲಾಭವೆಂದು ಹೇಳಬೇಕೆ? ಮರಿ ಬೇಗ ಸಿಗುವುದೇನೋ ನಿಜ. ಚುಚ್ಚುಮದ್ದಿನ ವಿದ್ಯೆ ಕೈಯಲ್ಲಿರುವುದರಿಂದ ಕೃಷಿಕನು ಮಾರ್ಚಿಯಲ್ಲಿಯೂ ಮರಿ ಮಾಡಿಸಬಲ್ಲ. ನದಿಯನ್ನೇ ನಂಬಿದ್ದ ಹಳೆಯ ದಿನಗಳಲ್ಲಿ ಹೀಗಾಗಿದ್ದರೆ, ಬಲಿತ ಮೀನು ಒಂದು ತಿಂಗಳಲ್ಲಿ, ಪ್ರವಾಹ ಇನ್ನೊಂದು ತಿಂಗಳಲ್ಲಿ ಬಂದು ಎರಡೂ ಕೂಡದೆ ಹೋಗುತ್ತಿದ್ದವು. ಆದರೆ ಮಾರ್ಚಿಯಲ್ಲಿ ಹುಟ್ಟಿದ ಮರಿಗೆ ಏಪ್ರಿಲ್, ಮೇ ತಿಂಗಳುಗಳಲ್ಲಿ ನೀರು ಎಲ್ಲಿದೆ? 2009ರಲ್ಲಿ ದೇಶದ ಮುಂಗಾರು ಮಳೆ ವಾಡಿಕೆಗಿಂತ ನೂರಕ್ಕೆ ಇಪ್ಪತ್ತೆರಡರಷ್ಟು ಕಡಿಮೆಯಾದಾಗ ಪಶ್ಚಿಮ ಬಂಗಾಳದ ಮೀನುಮರಿ ಕೇಂದ್ರಗಳು ಸಂಕಟಕ್ಕೆ ಸಿಲುಕಿದವು. ಹಾರ್ಮೋನು ಮಳೆಯ ಸುದ್ದಿಯನ್ನು ಮೀನಿಗೆ ಕೊಡಬಲ್ಲದೇ ಹೊರತು ಕೊಳಕ್ಕೆ ಮಳೆಯನ್ನು ತರಲಾರದು. ಬಿಸಿಲಿಗೆ ಕಾದ ತೊಟ್ಟಿಯಲ್ಲಿ ಮೊಟ್ಟೆಗಳು ಬೆಳ್ಳಗಾಗುವುದನ್ನೂ ಅದು ತಡೆಯಲಾರದು. ಅದೇ ವರ್ಷದ ಮೇ ತಿಂಗಳಲ್ಲಿ ಐಲಾ ಚಂಡಮಾರುತ ಸುಂದರಬನದ ಸಿಹಿನೀರಿನ ಕೊಳಗಳಿಗೆ ಕಡಲಿನ ಉಪ್ಪುನೀರನ್ನು ನುಗ್ಗಿಸಿತು.

ಆದುದರಿಂದ ಇಂದಿನ ಸರಕಾರಿ ಮೀನುವಿಜ್ಞಾನಿಯ ಕೆಲಸ ಬೇರೆಯ ಬಗೆಯದು. 2011ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಹವಾಮಾನವನ್ನು ತಾಳಿಕೊಳ್ಳುವ ಕೃಷಿಗಾಗಿ ರಾಷ್ಟ್ರಮಟ್ಟದ ಯೋಜನೆಯೊಂದನ್ನು ಆರಂಭಿಸಿದಾಗ ಮೀನುಗಾರಿಕೆಯನ್ನೂ ಅದರಲ್ಲಿ ಸೇರಿಸಿತು. ನಮ್ಮ ಬಯಲುಸೀಮೆಯ ಕೆರೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅದರಲ್ಲಿ ನೀರು ನಿಲ್ಲುವುದು ಆರೆಂಟು ತಿಂಗಳು. ಮಳೆ ತಡವಾಗಿ ಕೆರೆ ತುಂಬಿ, ಆ ಬಳಿಕ ಹುಲ್ಲೆಸಳಿನಂತಹ ಮರಿಯನ್ನು ಬಿಟ್ಟರೆ ಮೀನು ತಕ್ಕಡಿಗೆ ಬರುವ ಮೊದಲೇ ಕೆರೆ ಒಣಗುತ್ತದೆ. ಇದಕ್ಕೆ ಒಂದು ಸರಳವಾದ ಉಪಾಯವಿದೆ. ಹಿಂದಿನ ವರ್ಷದ ಮರಿಗಳನ್ನು ನೀರಿರುವ ಸಣ್ಣ ಕೊಳದಲ್ಲಿ ಒತ್ತಾಗಿ ತುಂಬಿ, ಅರೆಹೊಟ್ಟೆಗೆ ಉಣಿಸಿ, ಬೆಳೆಯಗೊಡದೆ ಕಾಪಾಡುತ್ತಾರೆ. ಇಂತಹ ಕುಗ್ಗಿದ ಮರಿಯನ್ನು ವಿಶಾಲವಾದ ಕೆರೆಗೆ ಬಿಟ್ಟೊಡನೆ ಅದು ಹಸಿದವನು ಊಟಕ್ಕೆ ಕುಳಿತಂತೆ ಭರದಿಂದ ಬೆಳೆಯುತ್ತದೆ; ಕೆಲವೇ ತಿಂಗಳುಗಳ ನೀರಿನಲ್ಲಿ ಮಾರಾಟದ ತೂಕವನ್ನು ಮುಟ್ಟುತ್ತದೆ. ಮೊದಲ ಮಳೆಗೆ ಮರಿ ಸಿದ್ಧವಾಗಿರಬೇಕಾದರೆ ಅದು ಹಿಂದಿನ ವರ್ಷವೇ ಹುಟ್ಟಿರಬೇಕು, ಬೇಕಾದಷ್ಟು ಹುಟ್ಟಿರಬೇಕು. ಅದು ಸಾಧ್ಯವಾಗಿರುವುದು ಆ ಸಾಸಿವೆಯಷ್ಟರ ಗ್ರಂಥಿಯಿಂದ.

ನದಿಗಳ ಸ್ಥಿತಿ ಮಾತ್ರ ಬೇರೆಯಾಗಿದೆ. ಅಣೆಕಟ್ಟುಗಳು, ಕೊಳೆ, ಬಗ್ಗಡವಿಲ್ಲದೆ ತೆಳುವಾದ ಹರಿವು, ಮಿತಿಮೀರಿದ ಬೇಟೆ ಇವುಗಳಿಂದ ಗಂಗೆಯ ಗೆಂಡೆಗಳು ಕ್ಷೀಣಿಸಿದವು. 1975ರಲ್ಲಿ ಫರಕ್ಕಾ ಒಡ್ಡು ಆರಂಭವಾದ ಮೇಲೆ ಕಡಲಿನಿಂದ ಮೇಲೇರಿ ಬರುತ್ತಿದ್ದ ಹಿಲ್ಸಾ ಮೀನಿನ ದಾರಿಯೂ ಕಟ್ಟಿಹೋಯಿತು. ಒಂದು ಕಾಲದಲ್ಲಿ ದೇಶದ ಕೊಳಗಳಿಗೆಲ್ಲ ಮರಿಯನ್ನು ಕೊಟ್ಟ ನದಿಗೆ ಈಗ ಮರಿಯನ್ನು ಒಯ್ದು ಬಿಡಬೇಕಾಗಿದೆ. ಬ್ಯಾರಕ್‌ಪುರದ ವಿಜ್ಞಾನಿಗಳು ಗಂಗೆಯಲ್ಲಿಯೇ ಹುಟ್ಟಿ ಬೆಳೆದ ರೋಹು, ಕಾಟ್ಲಾ, ಮೃಗಾಲ್ ತಾಯಿಮೀನುಗಳನ್ನು ಹಿಡಿದು ತರುತ್ತಾರೆ. ಕೊಳದ ಮೀನನ್ನು ಬಳಸುವುದಿಲ್ಲ. ನದಿಯ ತಳಿ ಕೆಡಬಾರದಲ್ಲ. ಅವಕ್ಕೆ ಚುಚ್ಚುಮದ್ದು ಕೊಟ್ಟು ಮೊಟ್ಟೆಯಿಡಿಸಿ, ಮರಿಗಳನ್ನು ಬೆರಳುದ್ದ ಬೆಳೆಸಿ, ದೋಣಿಗಳಲ್ಲಿ ನಡುಹೊಳೆಗೆ ಒಯ್ದು, ಪ್ಲಾಸ್ಟಿಕ್ ಚೀಲದ ಬಾಯಿಯನ್ನು ನೀರಿಗೆ ತಗ್ಗಿಸಿ ಹಿಡಿಯುತ್ತಾರೆ. ಮರಿಗಳು ಒಂದು ಕ್ಷಣ ಅಲ್ಲಿಯೇ ಸುತ್ತಿ, ಹರಿವಿನ ದಿಕ್ಕನ್ನು ಅರಿತು, ಅದಕ್ಕೆ ಎದುರಾಗಿ ತಲೆ ತಿರುಗಿಸುತ್ತವೆ.